ಹಿತ್ತಾಳೆ ತಾತ

ಟೆಕ್ಸಾಸಿಗೆ ಬಂದ ಹೊಸದರಲ್ಲಿ ನಮ್ಮನ್ನು ಹೆದರಿಸಿದವರೆಲ್ಲ ಕೋವಿಯ ವಿಷಯ ಹೇಳಿಯೇ ಹೆದರಿಸಿದ್ದರು. ಕೋವಿ ಇಟ್ಟುಕೊಂಡವರು ಹೊತ್ತುಗೊತ್ತಿಲ್ಲದೆ ಹಿತ್ತಾಳೆ ತೊಳೆಯುತ್ತಾ ಕೂತಿರುತ್ತಾರೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ನಮ್ಮ ಪಕ್ಕದ ಮನೆಯ ತಾತ ಲೇತ್ ಮೆಷಿನ್ನಿನ ಮುಂದೆ ಜೀವಮಾನ ಕಳೆದು ನಿವೃತ್ತರಾದವರು. ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ; ಕಾರು ಬಿಸಿಲಲ್ಲಿ, ಹಿತ್ತಾಳೆ ನೆರಳಲ್ಲಿ. ನನ್ನ ಬಾಣಂತನಕ್ಕೆಂದು ಮೈಸೂರಿನಿಂದ ಬಂದ ಅಮ್ಮ, ರಾತ್ರಿ ಹತ್ತರ ಮೇಲೆ ಆ ಕಡೆಯಿಂದ ಬರುವ ಗರಗರ ಸದ್ದನ್ನು ಎರಡು ದಿನ ಕೇಳಿಸಿಕೊಂಡು, "ಪಾಪ ಕಣೇ, ಈ ವಯಸ್ಸಲ್ಲಿ ಅವರೇ ಇಡ್ಲಿಗೆ ರುಬ್ಬಿಕೋಬೇಕಾ?" ಎಂದು ಮರುಗಿದಳು. ರುಬ್ಬುತ್ತಿದ್ದದ್ದು ಖಾಲಿ ಕಾಡತೂಸು. ಮಗು ಆ ಸದ್ದಿಗೆ ನಿದ್ದೆ ಹೋಗುತ್ತಿದ್ದರಿಂದ ನಾನು ದೂರುವ ಗೋಜಿಗೆ ಹೋಗಲಿಲ್ಲ.

ಕಾಡತೂಸು ಎಂದರೆ ನಾಲ್ಕು ವಸ್ತು: ತಳದಲ್ಲಿ ಕಿಡಿ ಕೊಡುವ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು, ಇವನ್ನೆಲ್ಲ ಹಿಡಿದಿಟ್ಟುಕೊಂಡ ಹಿತ್ತಾಳೆಯ ಕೇಸು. ಹೊಡೆದ ಮೇಲೆ ಗುಂಡು ಹಾರಿಹೋಯಿತು, ಮದ್ದು ಉರಿದುಹೋಯಿತು, ಪ್ರೈಮರ್ ಸತ್ತು ಕೂತಿತು. ಹಿತ್ತಾಳೆ ಮಾತ್ರ ಬೆಚ್ಚಗೆ ಹೊರಗೆ ಬಿದ್ದು ನಮ್ಮನ್ನೇ ನೋಡುತ್ತದೆ. ಬೆಲೆಯೂ ಅದಕ್ಕೇ ಹೆಚ್ಚು. ಅದನ್ನು ಆರಿಸಿ ತಂದು, ಮತ್ತೆ ತುಂಬಿ, ಮತ್ತೆ ಹೊಡೆಯಬಹುದು. ಅಂಗಡಿಯ ಕಾಡತೂಸಿಗಿಂತ ಕೈಯಾರೆ ತುಂಬಿದ್ದೇ ಗುರಿಗೆ ನಿಖರ ಎಂಬುದು ತಾತನ ಮತ. ಒಂದು ಕೇಸಿಗೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವೂ ಇರದಂತೆ ಮಾಡುವುದೇ ಅವರ ಸಾಧನೆ. ಹೊಡೆಯುವುದು ಆಮೇಲಿನ ಮಾತು. ಹೆಚ್ಚಾಗಿ ಆ ಆಮೇಲೆ ಬರುವುದೇ ಇಲ್ಲ.

ತೊಳೆಯುವ ವಿಧಾನ ಹೀಗೆ. ತಿರುಗುವ ಡ್ರಮ್ಮಿಗೆ ಕೇಸು, ನೀರು, ಸೂಜಿಯಂಥ ಸ್ಟೀಲ್ ಕಡ್ಡಿಗಳು, ಪಾತ್ರೆ ತೊಳೆಯುವ ಸೋಪು ನಾಲ್ಕು ಹನಿ, ಚಿಟಿಕೆ ಸಿಟ್ರಿಕ್ ಆಮ್ಲ. ಒಣ ಜೋಳದ ದಿಂಡಿನ ಪುಡಿಯಲ್ಲಿ ತಿರುಗಿಸುವವರೂ ಇದ್ದಾರೆ. ಅದರಲ್ಲಿ ಪ್ರೈಮರಿನ ಸೀಸ ಧೂಳಾಗಿ ಏಳುತ್ತದೆಂದು ತಾತ ಒಪ್ಪುವುದಿಲ್ಲ. ಇದನ್ನೆಲ್ಲ ನಾನು ತರ್ಜುಮೆ ಮಾಡಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ: "ಹುಣಸೆಹಣ್ಣು ಹಾಕಲ್ವಂತಾ?"

ತಾತ ಆ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಹುಣಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ ಎಂದು ಪುಸ್ತಕ ನೋಡಿ ಖಚಿತ ಮಾಡಿಕೊಂಡರು. ಸವೆದುಹೋದ, ಇನ್ನು ಹೊಡೆಯಲಾಗದ ಹತ್ತು ಕೇಸುಗಳನ್ನು ಅಮ್ಮನ ಕೈಗೆ ಕೊಟ್ಟು "ಮ್ಯಾಮ್, ನೋಡೋಣ" ಎಂದರು. ಅಮ್ಮ ನಮ್ಮ ಸಿಂಕಿನಲ್ಲಿ ಅವನ್ನು ದೇವರ ಮನೆಯ ಪಂಚಪಾತ್ರೆಗೆ ಕೊಡುವ ಮರ್ಯಾದೆ ಕೊಟ್ಟು ತಿಕ್ಕಿದಳು. ತಾತ ಭೂತಗನ್ನಡಿ ಹಿಡಿದು ನೋಡಿ, ಹೊರಮೈ ಅದ್ಭುತ, ಒಳಗಡೆ ಕೈ ಹೋಗಿಲ್ಲ ಎಂದು ತೀರ್ಪಿತ್ತರು. "ನಮ್ಮ ಪಂಚಪಾತ್ರೆಗೆ ಬೆರಳಾದರೂ ಹೋಗುತ್ತಪ್ಪ" ಎಂದು ಅಮ್ಮ ಮುಖ ಗಂಟಿಕ್ಕಿದಳು.

ಅಂಗಡಿಯ ಹೊಳಪಿನ ದ್ರಾವಣ ಹಾಕಿದರಾಗದೇ ಎಂದು ನಾನು ಕೇಳಿದ್ದಕ್ಕೆ ತಾತ ಬೆಚ್ಚಿಬಿದ್ದರು. ಅಂಥವುಗಳಲ್ಲಿ ಕೆಲವಕ್ಕೆ ಅಮೋನಿಯಾ ಬೆರೆಸಿರುತ್ತಾರೆ, ಅಮೋನಿಯಾ ಕಾಡತೂಸಿನ ಹಿತ್ತಾಳೆಗೆ ಶತ್ರು. ಈ ಸತ್ಯ ಹೊರಬಿದ್ದದ್ದು ನಮ್ಮ ದೇಶದಲ್ಲೇ. ಬ್ರಿಟಿಷರ ಕಾಲದಲ್ಲಿ ಇಂಡಿಯಾದ ಸೈನ್ಯದವರು ಮಳೆಗಾಲದಲ್ಲಿ ಕಾಡತೂಸುಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರಂತೆ. ಮಳೆ ನಿಂತು ತೆಗೆದು ನೋಡಿದರೆ ಹಿತ್ತಾಳೆ ತಂತಾನೇ ಬಿರುಕುಬಿಟ್ಟಿರುತ್ತಿತ್ತು. ಋತು ಬಂದಾಗ ಬರುವ ರೋಗ ಎಂದುಕೊಂಡು ಅದಕ್ಕೆ ಋತುವಿನ ಹೆಸರನ್ನೇ ಇಟ್ಟರು. 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಕಾರಣ ಬಿಡಿಸಿ ಹೇಳಿದರು: ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ಜೊತೆಗೆ ತಣ್ಣಗೆ ಎಳೆದು ರೂಪ ಕೊಟ್ಟ ಲೋಹದೊಳಗೆ ಉಳಿದುಕೊಂಡ ಬಿಗಿತ. ಎರಡೂ ಸೇರಿದರೆ ಬಿರುಕು. ಇದನ್ನು ಅಮ್ಮನಿಗೆ ಹೇಳಿದೆ. ಕುದುರೆ ಉಚ್ಚೆ ಪಕ್ಕ ಹಿತ್ತಾಳೆ ಇಡಬಾರದು ಎಂದು ಕಂಡುಹಿಡಿಯಲು ಮೂರು ಜನ ಬೇಕಾಯಿತೇ ಎಂದು ಅವಳು ಕೇಳಿದ್ದನ್ನು ತಾತನಿಗೆ ತರ್ಜುಮೆ ಮಾಡದೆ ನುಂಗಿಕೊಂಡೆ.

ಆ ಬಿಗಿತ ಬಿಡಿಸುವ ಮದ್ದು ಬೆಂಕಿ. ಕೇಸಿಗೆ ಕತ್ತಿದೆ, ಹೆಗಲಿದೆ, ಹೊಟ್ಟೆಯಿದೆ, ತಳವಿದೆ. ಹೊಡೆದಾಗಲೆಲ್ಲ ಕತ್ತು ಹಿಗ್ಗುತ್ತದೆ, ಡೈ ಎಂಬ ಅಚ್ಚಿನೊಳಗೆ ಒತ್ತಿ ಅಳತೆಗೆ ತಂದಾಗ ಕುಗ್ಗುತ್ತದೆ. ಹಿಗ್ಗಿ ಕುಗ್ಗಿ ಹಿತ್ತಾಳೆ ಸೆಟೆದುಕೊಳ್ಳುತ್ತದೆ. ಒಂದು ಕೇಸು ಗುಂಡನ್ನು ಬಿಗಿಯಾಗಿ ಹಿಡಿದರೆ ಇನ್ನೊಂದು ಸಡಿಲ, ಮುಂದೊಂದು ದಿನ ಕತ್ತೇ ಸೀಳುತ್ತದೆ. ಅದಕ್ಕೆ ಕತ್ತಿಗೂ ಹೆಗಲಿಗೂ ಮಾತ್ರ ಬಿಸಿ ಮುಟ್ಟಿಸಿ ಮೆತ್ತಗೆ ಮಾಡಬೇಕು. ತಳಕ್ಕೆ ಕಾವು ಇಳಿಯಕೂಡದು. ಸ್ಫೋಟದ ಒತ್ತಡ ತಡೆಯುವುದು ತಳ, ಅದು ಮೆತ್ತಗಾದರೆ ಕೋವಿ ಹಿಡಿದವನ ಮುಖಕ್ಕೇ ಅಪಾಯ. ಈ ಕೆಲಸವನ್ನು ತಾನೇ ಮಾಡುವ ಯಂತ್ರ ನ್ಯೂಜಿಲೆಂಡಿನಿಂದ ಬರುತ್ತದೆ, ಬೆಲೆ ಸಾವಿರ ಡಾಲರಿಗೂ ಮಿಕ್ಕಿ. ತಾತನದು ಗ್ಯಾಸಿನ ಟಾರ್ಚು. ಕೆಂಪು ಮೂಡುವ ಕ್ಷಣ ಕಾಣಲೆಂದು ಗ್ಯಾರೇಜಿನ ದೀಪವೆಲ್ಲ ಆರಿಸಿ, ಕತ್ತಲಲ್ಲಿ ಕೇಸನ್ನು ತಿರುಗಿಸುತ್ತಾ ನಿಲ್ಲುತ್ತಾರೆ. ಫಿನ್ಲೆಂಡಿನ ಲಪುವಾ ಕಂಪನಿಯ ಹೊಸ ಕೇಸುಗಳ ಕತ್ತಿನಲ್ಲಿ ಆ ಕಾವಿನ ನೀಲಿ ಛಾಯೆ ಒರೆಸದೆ ಹಾಗೇ ಬಿಟ್ಟಿರುತ್ತಾರೆ. ಅದನ್ನು ತೋರಿಸುವಾಗ ತಾತನ ದನಿ ತಗ್ಗುತ್ತದೆ.

ಒಂದು ತಮಾಷೆ. ಪ್ರೈಮರ್ ಕೂರಿಸುವುದರಲ್ಲಿ ಎರಡು ಪದ್ಧತಿ. ಒಂದನ್ನು ಮಾಡಿದವನು ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್. ಅದು ಅಮೆರಿಕದಲ್ಲಿ ನೆಲೆನಿಂತಿತು. ಇನ್ನೊಂದು ಅಮೆರಿಕದ ಹೈರಮ್ ಬರ್ಡನ್ನನದು. ಅದು ಯುರೋಪಿಗೆ ಹೋಗಿ ನೆಲೆಸಿತು. ಬಾಕ್ಸರನ ಕೇಸಿಗೆ ತಳದ ನಡುವೆ ಒಂದೇ ತೂತು, ಒಂದು ಪಿನ್ನು ಒತ್ತಿದರೆ ಸತ್ತ ಪ್ರೈಮರ್ ಈಚೆಗೆ ಬಂತು. ಬರ್ಡನ್ನನದಕ್ಕೆ ಸಾಮಾನ್ಯವಾಗಿ ಎರಡು, ಅದೂ ಪಕ್ಕಕ್ಕೆ. ತೆಗೆಯುವುದು ರೇಜಿಗೆಯ ಕೆಲಸ. ತನ್ನ ದೇಶದವನು ಕಂಡುಹಿಡಿದದ್ದನ್ನು ಬೈಯುತ್ತಾ ಪರದೇಶದವನದನ್ನು ಹೊಗಳುವ ಸುಖ ತಾತನಿಗೆ ದಿನವೂ ಇದೆ.

ಉಳಿದ ಶಾಸ್ತ್ರಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಡೈಗೆ ಒತ್ತುವ ಮುನ್ನ ಜಿಡ್ಡು ಸವರಬೇಕು: ಕಡಿಮೆಯಾದರೆ ಕೇಸು ಡೈಯೊಳಗೇ ಕಚ್ಚಿಕೊಂಡು ಕೂರುತ್ತದೆ, ಹೆಚ್ಚಾದರೆ ಹೆಗಲು ತಗ್ಗು ಬೀಳುತ್ತದೆ. ಹೆಗಲನ್ನು ಹಿಂದಕ್ಕೆ ತಳ್ಳುವುದು ಇಂಚಿನ ಸಾವಿರದಲ್ಲಿ ಒಂದೆರಡು ಪಾಲು ಮಾತ್ರ. ಹೊಡೆದಂತೆಲ್ಲ ಉದ್ದ ಬೆಳೆಯುವ ಕತ್ತನ್ನು ಕತ್ತರಿಸಬೇಕು; .308 ವಿಂಚೆಸ್ಟರ್ ಆದರೆ 2.015 ಇಂಚು ಮೀರಕೂಡದು, ಕತ್ತರಿಸುವುದು 2.005ಕ್ಕೆ. ಕತ್ತರಿಸಿದ ಅಂಚಿನ ಮುಳ್ಳನ್ನು ಒಳಗೂ ಹೊರಗೂ ಸವರಬೇಕು. ಕತ್ತಿನ ಗೋಡೆ ಸುತ್ತಲೂ ಒಂದೇ ದಪ್ಪ ಇರುವಂತೆ ಹೆರೆಯಬೇಕು. ಇದು ಲೇತಿನವನಿಗೆ ಹಬ್ಬ. ಆಮೇಲೆ ತೂಕ. ಹೊರ ಅಳತೆ ಒಂದೇ ಇದ್ದು ತೂಕ ಹೆಚ್ಚಿದ್ದರೆ ಗೋಡೆ ದಪ್ಪ, ಒಳಗಿನ ಜಾಗ ಕಡಿಮೆ, ಒತ್ತಡ ಬೇರೆ ಎಂದು ಲೆಕ್ಕ. ತೂಗುವುದು ಗ್ರೇನಿನಲ್ಲಿ, ಒಂದು ಗ್ರೇನ್ ಎಂದರೆ 0.065 ಗ್ರಾಂ, ಹೆಚ್ಚುಕಡಿಮೆ ಅರ್ಧ ಗುಲಗಂಜಿ. ನನ್ನ ಮಗುವನ್ನು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಇಷ್ಟು ಸೂಕ್ಷ್ಮವಾಗಿ ತೂಗಿರಲಿಲ್ಲ.

ಇಷ್ಟೆಲ್ಲ ಆಗಿ ಬಯಲಿಗೆ ಹೋದರೆ ಅಲ್ಲಿ ಗಾಳಿ. ಟೆಕ್ಸಾಸಿನ ಗಾಳಿಗೆ ಗ್ರೇನೂ ಗೊತ್ತಿಲ್ಲ, ಗುಲಗಂಜಿಯೂ ಗೊತ್ತಿಲ್ಲ. ಗುಂಡು ಹೋಗುವ ದಾರಿಯುದ್ದಕ್ಕೂ ಪುಟ್ಟ ಬಾವುಟ ನೆಟ್ಟು, ಅವು ಒಂದೇ ಕಡೆ ವಾಲುವ ಗಳಿಗೆಗೆ ಕಾದು ಕೂರುತ್ತಾರೆ. ಈ ಕಾಟ ತಾಳಲಾರದೆ 1980ರ ದಶಕದ ಆರಂಭದಲ್ಲಿ ನಮ್ಮ ಹ್ಯೂಸ್ಟನ್ನಿನ ಕೆಲವರು ಒಂದು ಉದ್ದನೆಯ ಗೋದಾಮಿನೊಳಗೆ ಹೊಕ್ಕು ಗುಂಡು ಹೊಡೆದರು. ಆ ಕಥೆ ತಾತನಂಥ ಗುರಿಕಾರರ ಬಳಗದಲ್ಲಿ ಪುರಾಣ. ನೂರು ಗಜ ದೂರಕ್ಕೆ ಐದು ಗುಂಡು ಹೊಡೆದು, ತೂತುಗಳ ನಡುವಿನ ಅತಿ ದೊಡ್ಡ ಅಂತರ ಅಳೆಯುವುದು ಇವರ ಸ್ಪರ್ಧೆ. 1973ರಲ್ಲಿ ಮ್ಯಾಕ್‌ಮಿಲನ್ ಎಂಬಾತ 0.009 ಇಂಚು ಮಾಡಿದ್ದು ನಲವತ್ತು ವರ್ಷ ಅಲುಗದೆ ನಿಂತಿತ್ತು. ಐದು ಗುಂಡು, ನೋಡಿದರೆ ಒಂದೇ ತೂತು. "ಮಿಕ್ಕ ನಾಲ್ಕು ಗುರಿಯನ್ನೇ ಮುಟ್ಟದೆ ಹೋಗಿರಬಹುದಲ್ಲ?" ಎಂದು ಅಮ್ಮ ಸಹಜವಾಗಿ ಕೇಳಿದಳು. ಆ ಅನುಮಾನ ಸ್ಪರ್ಧೆ ನಡೆಸುವವರಿಗೂ ಬಂದೇ, ಗುರಿಯ ಹಿಂದೆ ಸರಿಯುತ್ತಾ ಹೋಗುವ ಕಾಗದ ಕಟ್ಟಿ ಎಷ್ಟು ಗುಂಡು ಹಾಯ್ದವೆಂದು ಲೆಕ್ಕ ಹಿಡಿಯುತ್ತಾರಂತೆ.

ಮಗುವಿನ ನಾಮಕರಣಕ್ಕೆ ನನ್ನ ಗಂಡನ ಸಹೋದ್ಯೋಗಿಯೊಬ್ಬರು ಬಂದಿದ್ದರು, ವಿರಾಜಪೇಟೆ ಕಡೆಯ ಕೊಡವರು. ಕೋವಿ ಇಡಲು ಲೈಸೆನ್ಸಿನಿಂದ ವಿನಾಯಿತಿ ಇರುವ, ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ಜನ ಎಂದು ಕೇಳಿದ್ದೇ ತಡ, ತಾತ ಅವರನ್ನು ಊಟದೆಲೆಯಿಂದ ಏಳುತ್ತಲೇ ಗ್ಯಾರೇಜಿಗೆ ಎಳೆದುಕೊಂಡು ಹೋದರು. ನೀವು ಏನಕ್ಕೆ ಹೊಡೆಯುತ್ತೀರಿ? ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ. ಐದು ಗುಂಡಿನ ಅಂತರ ಹೇಗೆ ಅಳೆಯುತ್ತೀರಿ?

"ಐದೆಲ್ಲಿ ಸಾರ್? ಒಡೆದರೆ ಅವನು ಗೆದ್ದ. ಒಡೆಯದಿದ್ದರೆ ಕೋವಿ ಪಕ್ಕದವನ ಕೈಗೆ."

ತಾತ ಬಹಳ ಹೊತ್ತು ಮಾತಾಡಲಿಲ್ಲ. ಅಳತೆಯೇ ಇಲ್ಲದ ಸ್ಪರ್ಧೆ ಅವರನ್ನು ಒಳಗೆಲ್ಲೋ ಕೆದಕಿಬಿಟ್ಟಿತ್ತು. ಮುಂದಿನ ವಾರ ನೋಡಿದರೆ ಇಂಡಿಯನ್ ಸ್ಟೋರಿನಿಂದ ಒಂದು ಚೀಲ ತೆಂಗಿನಕಾಯಿ ತಂದು, ಕ್ಯಾಲಿಪರ್ ಹಿಡಿದು ದಪ್ಪ ಬರೆದುಕೊಂಡು, ತೂಕದ ಪ್ರಕಾರ ಮೂರು ಸಾಲು ಜೋಡಿಸಿಟ್ಟಿದ್ದರು. ಯಾವ ಸಾಲಿಗೂ ಹೊಂದದ ಒಂದು ಕಾಯಿ ತಿರಸ್ಕೃತವಾಗಿ ನಮ್ಮ ಮನೆಗೆ ಬಂತು. ಅಮ್ಮ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಡೆದು, ಚಟ್ನಿಗೆ ತುರಿದಳು.

"ಒಳ್ಳೇ ಕಾಯಿ ಕಣೇ. ಇನ್ನೊಂದೆರಡು ತಪ್ಪು ಹುಡುಕೋಕೆ ಹೇಳು ಅವರಿಗೆ."