ಪ್ರೋತ್ಸಾಹಕವಿಗಳು

ಬೆಂಗಳೂರಿನ ಪಡುವಣ ಭಾಗದಲ್ಲಿ, ಮಹಾಲಕ್ಷ್ಮಿ ಲೇಔಟಿನ ಏರಿಳಿತದ ಬೀದಿಗಳಿಗೂ ಹೊರವರ್ತುಲ ರಸ್ತೆಯ ಲಾರಿಗಳ ಆರ್ಭಟಕ್ಕೂ ನಡುವೆ ಹಬ್ಬಿಕೊಂಡಿರುವ ನಂದಿನಿ ಲೇಔಟಿನಲ್ಲಿ, ಪೀಣ್ಯದ ಕಾರ್ಖಾನೆಗಳಲ್ಲಿ ಲೇತು ತಿರುಗಿಸಿ ನಿವೃತ್ತರಾದವರೂ, ಬ್ಯಾಂಕಿನ ಗಾಜಿನ ಹಿಂದೆ ಕುಳಿತು ಪರರ ಹಣವನ್ನು ಎಣಿಸಿ ದಣಿದವರೂ, ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿ ಮಧ್ಯಾಹ್ನಗಳನ್ನು ಏನು ಮಾಡುವುದೆಂದು ತಿಳಿಯದ ಗೃಹಿಣಿಯರೂ ನೆಮ್ಮದಿಯಿಂದ ವಾಸಿಸುತ್ತಿರುವರಷ್ಟೆ. ಈ ಸಜ್ಜನರೊಳಗೆ ಕವಿಯಲ್ಲದವನೊಬ್ಬನನ್ನು ಹುಡುಕಿ ತೆಗೆಯುವುದು ಈಚೆಗೆ ಪ್ರಯಾಸದ ಕಾರ್ಯವಾಗಿ ಪರಿಣಮಿಸಿದೆ. ಇದಕ್ಕಾಗಿ ಯಾರೂ ವ್ಯಥೆಪಡಬೇಕಾದುದಿಲ್ಲ. ನಿವೃತ್ತಿಯ ಅನಂತರ ಮನುಷ್ಯನು ಕೈಹಾಕಬಹುದಾದ ಉದ್ಯೋಗಗಳಲ್ಲಿ, ಸೈಟಿನ ವ್ಯವಹಾರವನ್ನೂ ಅಪಾರ್ಟ್‌ಮೆಂಟ್ ಸಂಘದ ರಾಜಕೀಯವನ್ನೂ ನೋಡಿದವರಿಗೆ, ಕಾವ್ಯರಚನೆಯಷ್ಟು ನಿರಪಾಯಕರವಾದುದು ಬೇರೊಂದಿಲ್ಲವೆಂದು ತೋರದಿರದು. ಕೇಳುಗನ ಪಾಲಿಗೂ ಅದು ಅಷ್ಟೇ ನಿರಪಾಯಕರವೆಂದು ಹೇಳುವ ಧೈರ್ಯ ಮಾತ್ರ ನನಗಿಲ್ಲ.

ಈ ಸಮುದಾಯದ ಶಿರೋಮಣಿಗಳಾದ ಒಬ್ಬರನ್ನು ಚಿತ್ರಿಸುವುದು ನನ್ನ ಉದ್ದೇಶ. ಹೆಸರು ಹೇಳಲಾರೆ; ಹೇಳಿದರೆ ಅದರ ಮೇಲೂ ಒಂದು ಕವನ ಬರುವ ಸಂಭವವುಂಟು. ‘ನಮ್ಮ ಕವಿಗಳು’ ಎಂದು ಕರೆದರೆ ಸಾಕು. ಇಸ್ತ್ರಿಯ ಗೆರೆ ಮುರಿಯದ ಖಾದಿ ಜುಬ್ಬ, ಯಾವುದೋ ಸಮ್ಮೇಳನದಲ್ಲಿ ಪ್ರತಿನಿಧಿಗಳಿಗೆ ಹಂಚಿದ ಬಗಲುಚೀಲ, ಆ ಚೀಲದೊಳಗೆ ಸಹಕಾರ ಸಂಘದವರು ಕೊಟ್ಟ ಹೋದ ವರ್ಷದ ಡೈರಿ, ಡೈರಿಯೊಳಗೆ ಈ ವರ್ಷದ ಕವನಗಳು. ಮೂವತ್ತು ವರ್ಷಕ್ಕೂ ಮಿಕ್ಕಿ ಪೀಣ್ಯದಲ್ಲಿ ಲೇತಿನ ಮುಂದೆ ನಿಂತು ದುಡಿದ ಇವರ ಪದ್ಯಗಳಲ್ಲಿ ಹಿಮಾಲಯವುಂಟು, ಮಾನಸಸರೋವರವುಂಟು, ಕಮಲವನ್ನು ಕಾದು ಕುಳಿತ ದುಂಬಿಯುಂಟು. ಲೇತು ಒಂದೇ ಇಲ್ಲ. ಏಕೆಂದು ಒಮ್ಮೆ ಕೇಳಿದಾಗ, “ಅದೆಲ್ಲ ಕವನಕ್ಕೆ ಬರೋ ವಸ್ತು ಅಲ್ಲ ಬಿಡಿ ಸಾರ್” ಎಂದು ನಕ್ಕುಬಿಟ್ಟರು.

ರಘುವಂಶದ ದಿಲೀಪಮಹಾರಾಜನು ಸಂತಾನಾಪೇಕ್ಷೆಯಿಂದ ನಂದಿನಿಯೆಂಬ ಹಸುವಿನ ಬೆನ್ನುಹತ್ತಿ 21 ದಿನ ಕಾಡಿನಲ್ಲಿ ಅಲೆದನೆಂದು ಕಾಳಿದಾಸನು ವರ್ಣಿಸಿದ್ದಾನೆ. ನಮ್ಮ ಕವಿಗಳು ಶ್ರೋತೃವಿನ ಅಪೇಕ್ಷೆಯಿಂದ ವರ್ಷದ ಅಷ್ಟೂ ದಿನ ಬೆಳಗಿನ ಆರು ಗಂಟೆಗೆ ನಂದಿನಿ ಹಾಲಿನ ಬೂತಿನ ಬಳಿ ನಿಂತಿರುತ್ತಾರೆ. ಒಂದು ಕೈಯಲ್ಲಿ ಹಾಲಿನ ಪೊಟ್ಟಣ, ಇನ್ನೊಂದರಲ್ಲಿ ಚಿಲ್ಲರೆ ಹಿಡಿದು ಓಡಿಹೋಗುವುದಕ್ಕೆ ಅನುಕೂಲವಿಲ್ಲದಂತೆ ಸಿಕ್ಕಿಕೊಂಡವನನ್ನು ಅವರು ದೂರದಿಂದಲೇ ಗುರುತಿಸಬಲ್ಲರು. “ನಾಲ್ಕೇ ಸಾಲು, ಕೇಳಿಬಿಡಿ” ಎಂಬುದು ಪೀಠಿಕೆ. ಆ ನಾಲ್ಕಕ್ಕೆ ಶಾಖೆಗಳು ಮೂಡುತ್ತ ಮೂಡುತ್ತ ಹಾಲು ಒಡೆಯುವ ಹೊತ್ತಾಗುತ್ತದೆ.

ಇಷ್ಟು ಮಾತ್ರವಾಗಿದ್ದರೆ ಅವರು ಸಾಮಾನ್ಯ ಕವಿಗಳೆನಿಸಿಕೊಳ್ಳುತ್ತಿದ್ದರು. ಅವರನ್ನು ಅಸಾಮಾನ್ಯರನ್ನಾಗಿ ಮಾಡಿರುವುದು ಅವರ ಪ್ರೋತ್ಸಾಹಗುಣ. ಬಡಾವಣೆಯಲ್ಲಿ ಯಾರೇ ಪದ್ಯವೆಂದು ಹೇಳಿಕೊಳ್ಳುವ ಏನನ್ನೇ ಬರೆಯಲಿ, ಅದನ್ನು ಹೊಗಳುವ ಹೊಣೆಯನ್ನು ಅವರು ತಮ್ಮ ಮೇಲೆ ತಾವಾಗಿಯೇ ಹೊತ್ತುಕೊಂಡಿದ್ದಾರೆ. ಇದಕ್ಕೆ ಅವರು ತೋರಿಸುವ ಸನದಾದರೂ ಸಾಮಾನ್ಯವಾದುದಲ್ಲ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯನು, ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನ ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತಮತಿಗಳೆಂದು ಕವಿರಾಜಮಾರ್ಗದಲ್ಲಿ ಬರೆದಿಟ್ಟಿರುವನಲ್ಲವೆ? “ಶ್ರೀವಿಜಯನೇ ಸರ್ಟಿಫಿಕೇಟ್ ಕೊಟ್ಟ ಮೇಲೆ ನಾವ್ಯಾರು ಸಾರ್ ತಪ್ಪು ಹುಡುಕೋದಕ್ಕೆ?” ಎನ್ನುತ್ತಾರೆ ನಮ್ಮ ಕವಿಗಳು. ಆ ಪದ್ಯ ಬರುವುದು ಕವಿರಾಜಮಾರ್ಗದ ಪ್ರಥಮ ಪರಿಚ್ಛೇದದಲ್ಲಿ. ಆ ಪರಿಚ್ಛೇದದ ವಿಷಯವಾದರೋ ಕಾವ್ಯದ ದೋಷಗಳು. ‘ಓದದೆಯೂ’ ಎಂಬ ಭಾಗವನ್ನು ಅಕ್ಷರಶಃ ಪಾಲಿಸಿದವರಾದ್ದರಿಂದ ಈ ಸಂಗತಿ ಅವರ ಗಮನಕ್ಕೆ ಬಂದಿಲ್ಲ.

ತಿಂಗಳ ಎರಡನೆಯ ಭಾನುವಾರ ಸಂಜೆ ನಾಲ್ಕಕ್ಕೆ ಕವಿಗೋಷ್ಠಿ. ಯಾರಾದರೊಬ್ಬರ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ನೆರಳು ಸರಿದಂತೆಲ್ಲ ಪ್ಲಾಸ್ಟಿಕ್ ಕುರ್ಚಿಗಳನ್ನು ಸರಿಸಿಕೊಳ್ಳುತ್ತ ಸುಮಾರು ಇಪ್ಪತ್ತು ಮಂದಿ ಸೇರುತ್ತಾರೆ. ಖಾರಾಬೂಂದಿ, ಮೈಸೂರುಪಾಕು, ಕಾಗದದ ಲೋಟದಲ್ಲಿ ಕಾಫಿ. ಯುಗಾದಿಗೆ ಬೇವುಬೆಲ್ಲದ ಮೇಲೂ, ನವೆಂಬರ್ 1ಕ್ಕೆ ಕನ್ನಡಮ್ಮನ ಮೇಲೂ, ಕಂಠೀರವ ಸ್ಟುಡಿಯೋದ ಸಮಾಧಿ ನಮ್ಮ ಬಡಾವಣೆಗೆ ಕೂಗಳತೆಯಲ್ಲಿರುವುದರಿಂದ ಏಪ್ರಿಲ್ 24ಕ್ಕೆ ತಪ್ಪದೆ ರಾಜಕುಮಾರರ ಮೇಲೂ ಕವನಗಳು ಬರುತ್ತವೆ. ಮಂಜೇಶ್ವರದ ಗೋವಿಂದ ಪೈಗಳು 1911ರಷ್ಟು ಹಿಂದೆಯೇ ಆದಿಪ್ರಾಸದ ಸಂಕೋಲೆಯನ್ನು ಕಳಚಿ ಎಸೆದರೆಂಬುದು ಸಾಹಿತ್ಯಚರಿತ್ರೆಯ ಮಾತು. ಅವರು ಎಸೆದ ಸಂಕೋಲೆಯನ್ನು ನಮ್ಮವರು ಎತ್ತಿಕೊಂಡು ಸಾಲಿನ ಕೊನೆಗೆ ಬಿಗಿದುಕೊಂಡಿದ್ದಾರೆ. ‘ಅಮ್ಮ’ ಬಂದಲ್ಲಿ ‘ನಮ್ಮ’ ಬಂದೇ ತೀರಬೇಕು, ‘ಮನಸು’ ಎಂದ ಮೇಲೆ ‘ಕನಸಿ’ಗೆ ಬಿಡುಗಡೆಯಿಲ್ಲ.

ಈ ಗೋಷ್ಠಿಯಲ್ಲಿ ಪ್ರಶಂಸೆಗೆ ಒಂದು ತಾರತಮ್ಯವುಂಟು. ಹೊಸಬರಿಗೆ ಅದು ತಿಳಿದಿರುವುದು ಕ್ಷೇಮ. ‘ಚೆನ್ನಾಗಿದೆ’ ಎಂಬುದು ಇಲ್ಲಿ ಬಹುಮಟ್ಟಿಗೆ ಅವಮಾನ. ಅದನ್ನು ಕೇಳಿಸಿಕೊಂಡು ಮುಂದಿನ ತಿಂಗಳು ಬಾರದೆ ಉಳಿದವರಿದ್ದಾರೆ. ‘ಅರ್ಥಪೂರ್ಣ’ ಎಂದರೆ ಪದ್ಯ ನೀರಸವಾಗಿತ್ತು. ‘ಭಾವಪೂರ್ಣ’ ಎಂದರೆ ಅರ್ಥವಾಗಲಿಲ್ಲ. ‘ಮನಮುಟ್ಟುವ ಸಾಲುಗಳು’ ಎಂಬುದು ನಡುದರ್ಜೆಯ ನಾಣ್ಯ, ಎಲ್ಲೆಡೆಯೂ ಚಲಾವಣೆಯಾಗುತ್ತದೆ. ‘ಅದ್ಭುತ’ ಎಂಬುದು ಆ ದಿನದ ಆತಿಥೇಯರಿಗೆ ಮೀಸಲು. ಇನ್ನು ಯಾವ ಮಾತಿಗೂ ದಕ್ಕದಂತಹ ರಚನೆ ಎದುರಾದಾಗ ನಮ್ಮ ಕವಿಗಳು ಕಣ್ಣು ಮುಚ್ಚಿ, ತಲೆದೂಗಿ, ನಿಟ್ಟುಸಿರೊಂದನ್ನು ಬಿಟ್ಟು, “ಒಳ್ಳೆಯ ವಿಷಯ ಆರಿಸಿಕೊಂಡಿದ್ದೀರಿ ಮೇಡಂ, ಮುಂದುವರಿಸಿ” ಎನ್ನುವರು.

ಈ ವ್ಯವಸ್ಥೆಯ ಮೂಲವನ್ನು ಕಾವ್ಯಮೀಮಾಂಸೆಯಲ್ಲಿ ಹುಡುಕುವುದು ವ್ಯರ್ಥ. ಅದಿರುವುದು ಮದುವೆಮನೆಯ ಮುಯ್ಯಿ ಪುಸ್ತಕದಲ್ಲಿ. ಛತ್ರದ ಬಾಗಿಲಲ್ಲಿ ಕುಳಿತ ಚಿಕ್ಕಪ್ಪನೊಬ್ಬನು ಯಾರು ನೂರೊಂದು, ಯಾರು ಐನೂರೊಂದು ಎಂದು ಬರೆದಿಟ್ಟುಕೊಳ್ಳುವನಷ್ಟೆ. ನಾಳೆ ಅವರ ಮನೆಯ ಶುಭಕಾರ್ಯಕ್ಕೆ ಅದನ್ನು ಕುಂದಿಲ್ಲದೆ ಹಿಂದಿರುಗಿಸದಿದ್ದರೆ ನಂಟಸ್ತಿಕೆ ಕೆಡುತ್ತದೆ. ಹಾಗೆಯೇ ಹೋದ ತಿಂಗಳು ನನ್ನ ಮಳೆಗವನಕ್ಕೆ ನೀವು ‘ಮನಮುಟ್ಟಿತು’ ಎಂದಿದ್ದರೆ ಈ ತಿಂಗಳು ನಿಮ್ಮ ಅಮ್ಮನ ಕವನಕ್ಕೆ ನಾನು ‘ಕಣ್ಣು ತುಂಬಿಬಂತು’ ಎನ್ನಬೇಕು. ಹೆಚ್ಚು ಕೊಟ್ಟರೆ ದೊಡ್ಡತನ, ಕಡಮೆ ಕೊಟ್ಟರೆ ಮನಸ್ತಾಪ. ನಮ್ಮ ಕವಿಗಳಿಗೆ ಈ ಲೆಕ್ಕವೆಲ್ಲ ಬಾಯಿಗೆ ಬರುತ್ತದೆ. ಅವರು ಎಲ್ಲರಿಗೂ ತುಸು ಹೆಚ್ಚೇ ಕೊಟ್ಟು ಇಡೀ ಬಡಾವಣೆಯನ್ನು ಋಣದಲ್ಲಿಟ್ಟಿದ್ದಾರೆ.

ಉಳಿದ ದಿನಗಳಿಗೆ ಮೊಬೈಲುಂಟು. ಅಲ್ಲಿ ಹೊಗಳಿಕೆಯ ವೇಗ ಮನೋವೇಗವನ್ನೂ ಮೀರಿದುದು. ಒಮ್ಮೆ ನಮ್ಮ ಕವಿಗಳು ದೀರ್ಘಕವನವೊಂದರ ಪೂರ್ವಾರ್ಧವನ್ನು ವಾಟ್ಸಾಪಿನಲ್ಲಿ ಕಳುಹಿಸಿ, ಉತ್ತರಾರ್ಧವನ್ನು ಕಳುಹಿಸುವಷ್ಟರಲ್ಲಿ ಕರೆಂಟೂ ವೈಫೈಯೂ ಕೂಡಿಯೇ ಹೋಗಿ, ಅರ್ಧ ಗಂಟೆ ಕತ್ತಲಲ್ಲಿ ಕುಳಿತಿರಬೇಕಾಯಿತು. ಬೆಳಕು ಬಂದು ನೋಡಿದರೆ, ಜೋಡಿಸಿದ ಕೈಗಳ, ಅರಳಿದ ಗುಲಾಬಿಗಳ ಚಿತ್ರಗಳ ನಡುವೆ ಐದು ಮಂದಿ “ಮುಕ್ತಾಯ ಮಾತ್ರ ಅದ್ಭುತ ಸರ್” ಎಂದು ಬರೆದಿದ್ದರು. ಅವರು ಉತ್ತರಾರ್ಧವನ್ನು ಕಳುಹಿಸಲೇ ಇಲ್ಲ. ಅದು ಈಗಲೂ ಡೈರಿಯಲ್ಲಿದೆ.

ಇವರು ತಮ್ಮನ್ನು ಧಾರವಾಡದ ‘ಗೆಳೆಯರ ಗುಂಪಿ’ನ ನೇರ ವಾರಸುದಾರರೆಂದು ತಿಳಿದಿದ್ದಾರೆ. 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಶಂಬಾ ಜೋಶಿ, ಬೆಟಗೇರಿ ಕೃಷ್ಣಶರ್ಮ, ಗೋಕಾಕ, ಮುಗಳಿ ಮೊದಲಾದವರು ನೆರೆದುದು ಬರಿಯ ಬೆನ್ನು ತಟ್ಟಿಕೊಳ್ಳುವುದಕ್ಕೆಂದು ಅವರಿಗೆ ಯಾರು ಹೇಳಿದರೋ ತಿಳಿಯದು. ತಿದ್ದುಪಡಿಯ ಮಾತೆತ್ತಿದರೆ ಕುಮಾರವ್ಯಾಸನನ್ನು ಮುಂದೆ ನಿಲ್ಲಿಸುತ್ತಾರೆ: ಹಲಗೆ ಬಳಪ ಹಿಡಿಯದೆ, ಇಟ್ಟ ಪದವನ್ನು ಅಳಿಸದೆ ಬರೆಯುವುದೇ ತನ್ನ ಅಗ್ಗಳಿಕೆಯೆಂದು ಆತ ಹೇಳಿಕೊಂಡಿರುವನಂತೆ, ತಮ್ಮದೂ ಅದೇ ಮಾರ್ಗವಂತೆ. ಅಗ್ಗಳಿಕೆ ಆತನಿಗೆ ಒಪ್ಪುವುದು ಭಾರತಕಥೆಯ ಹತ್ತು ಪರ್ವಗಳನ್ನು ಬರೆದಿಟ್ಟುದರಿಂದ ಎಂಬುದನ್ನು ಹೇಳಹೋಗಿ ನಾನೇ ಸುಮ್ಮನಾಗಿದ್ದೇನೆ.

ನನಗಾದರೋ ಇಂತಹ ವೇಳೆಯಲ್ಲಿ ನೆನಪಾಗುವುದು ಮೈಸೂರಿನ ಇನ್ನೊಂದು ಪ್ರಸಂಗ. ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಪದ್ಯಗಳ ಪುಸ್ತಿಕೆಯನ್ನು 1922ರಲ್ಲಿಯೇ ಅಚ್ಚುಹಾಕಿಸಿದ್ದ ತರುಣ ಪುಟ್ಟಪ್ಪನವರು, 1924ರಲ್ಲಿ ಅಲ್ಲಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸರಿಗೆ ತಮ್ಮ ಇಂಗ್ಲಿಷ್ ಕವನಗಳನ್ನು ತೋರಿಸಿದಾಗ, ಆ ಪುಣ್ಯಾತ್ಮರು ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರೆಂದು ಕೇಳಿದರಂತೆ. ತರುಣನಿಗೆ ಆ ಗಳಿಗೆಯಲ್ಲಿ ಅದು ಹಿತವಾಗಿ ಕೇಳಿಸಿರಲಾರದು. ಕಸಿನ್ಸರು ಐರ್ಲೆಂಡಿನಿಂದ ಬರುವ ಬದಲು ನಂದಿನಿ ಲೇಔಟಿನಿಂದ ಬಂದಿದ್ದರೆ, “ಸೂಪರ್ ಸರ್, ಮುಂದುವರಿಸಿ” ಎಂದಿರುತ್ತಿದ್ದರು. ತರುಣರು ಇಂಗ್ಲಿಷಿನಲ್ಲೇ ಮುಂದುವರಿಸಿಯೂ ಇರುತ್ತಿದ್ದರು. 1949ರಲ್ಲಿ ನಮಗೆ ‘ಶ್ರೀ ರಾಮಾಯಣ ದರ್ಶನಂ’ ದೊರೆಯುತ್ತಿತ್ತೋ ಇಲ್ಲವೋ, ಕಸಿನ್ಸರಿಗೆ ಮಾತ್ರ ಒಂದು ಶಾಲೂ ನೆನಪಿನ ಕಾಣಿಕೆಯೂ ತಪ್ಪುತ್ತಿರಲಿಲ್ಲ.

ಈ ಸುಭಿಕ್ಷದ ನಡುವೆ ನಮ್ಮ ಗೋಷ್ಠಿಗೆ ನಿವೃತ್ತ ಕನ್ನಡ ಅಧ್ಯಾಪಕಿಯೊಬ್ಬರು ಲಗ್ಗೆರೆಯ ಕಡೆಯಿಂದ ಬರತೊಡಗಿದರು. ಕೆಂಪು ಶಾಯಿಯ ಪೆನ್ನು ಇಟ್ಟುಕೊಂಡಿರುವುದು ಕಂಡಾಗಲೇ ಎಚ್ಚತ್ತುಕೊಳ್ಳಬೇಕಾಗಿತ್ತು. ಎರಡು ಗೋಷ್ಠಿಗಳಲ್ಲಿ ಅವರು ಮಾತೇ ಆಡಲಿಲ್ಲ. ಮೂರನೆಯದರಲ್ಲಿ ನಮ್ಮ ಕವಿಗಳು, ಅದೇನು ತೋಚಿತೋ, ರೂಢಿಗೆ ವಿರುದ್ಧವಾದ ಒಂದು ಪದ್ಯ ಓದಿದರು. ಆರಂಭದಲ್ಲಿ ಮೂಡಣದ ರವಿಯೂ ಹಕ್ಕಿಗಳ ಇಂಚರವೂ ಎಂದಿನಂತೆ ಇದ್ದವು. ಆಮೇಲೆ, ರಾತ್ರಿಪಾಳಿ ಮುಗಿಸಿ ಗೊರಗುಂಟೆಪಾಳ್ಯದಿಂದ ನಡೆದು ಮನೆಗೆ ಬಂದವನೊಬ್ಬನು ತೊಟ್ಟಿಲಿನತ್ತ ಕೈಚಾಚುತ್ತಾನೆ. ಹೆಂಡತಿ, ಎಣ್ಣೆಯ ಕೈ, ಮಗುವನ್ನು ಮುಟ್ಟಬೇಡಿರೆನ್ನುತ್ತಾಳೆ. ಸೋಪಿನ ಪುಡಿ ಹಾಕಿ ಉಜ್ಜಿ ಉಜ್ಜಿ ತೊಳೆದು ಅವನು ಬರುವಷ್ಟರಲ್ಲಿ ಮಗು ಮಲಗಿಬಿಟ್ಟಿರುತ್ತದೆ. ಎಲ್ಲರೂ ವಾಡಿಕೆಯಂತೆ “ಅದ್ಭುತ, ಅದ್ಭುತ” ಎಂದರು. ಖಾರಾಬೂಂದಿಯ ತಟ್ಟೆ ಮುಂದಕ್ಕೆ ಸಾಗಿತು.

“ಪದ್ಯ ಶುರುವಾಗೋದು ಮೂರನೇ ಸಾಲಿನಿಂದ ಸಾರ್. ಮೊದಲೆರಡು ತೆಗೆದುಬಿಡಿ” ಎಂದರು ಮೇಡಂ.

ತಟ್ಟೆ ನಿಂತಿತು. “ಅದು ಭಾವ, ಮೇಡಂ” ಎಂದರು ನಮ್ಮ ಕವಿಗಳು. “ಭಾವ ಕೆಳಗಿದೆ. ಮೇಲಿರೋದು ರವಿ, ಅವನು ಎಲ್ಲರ ಪದ್ಯದಲ್ಲೂ ಇದ್ದಾನೆ” ಎಂದರು ಆಕೆ, ಪರೀಕ್ಷೆಯ ಕೊಠಡಿಯಲ್ಲಿ ಉತ್ತರಪತ್ರಿಕೆಯನ್ನು ಹಿಂದಕ್ಕೆ ಕೊಡುವ ನಿರ್ವಿಕಾರ ಧ್ವನಿಯಲ್ಲಿ.

ಅಂದು ರಾತ್ರಿ ಒಂಬತ್ತಕ್ಕೆ ನಮ್ಮ ಕವಿಗಳು ವಾಟ್ಸಾಪ್ ಗುಂಪಿನಿಂದ ಹೊರನಡೆದರು. ಮರುದಿನ ಹಾಲಿನ ಬೂತಿನಲ್ಲೂ ಕಾಣಲಿಲ್ಲ. ಹಾಲು ಕೊಳ್ಳುವವರು ತಮಗೇಕೆ ಇಷ್ಟು ಬೇಗ ಕೆಲಸ ಮುಗಿಯಿತೆಂದು ಅಚ್ಚರಿಪಟ್ಟರು. ವಾರದ ಕೊನೆಗೆ ಅಡ್ಮಿನ್ನರ ಮುಂದಾಳುತನದಲ್ಲಿ ನಾಲ್ವರ ನಿಯೋಗವೊಂದು ಸಂಧಾನಕ್ಕಾಗಿ ಅವರ ಮನೆಗೆ ಹೋಯಿತು, ನಾನೂ ಇದ್ದೆ. ಆಕೆಗೆ ಕಾವ್ಯಹೃದಯವಿಲ್ಲವೆಂದೂ, ಮೇಷ್ಟ್ರ ಬುದ್ಧಿ ನಿವೃತ್ತಿಯಾದರೂ ಹೋಗದೆಂದೂ, ತಾವು ಬಾರದಿದ್ದರೆ ಗೋಷ್ಠಿಯೇ ಅನಾಥವೆಂದೂ ನಾವು ಒಬ್ಬರಾದ ಮೇಲೊಬ್ಬರು ಬಿನ್ನವಿಸಿಕೊಂಡೆವು. ಕವಿಗಳ ಮುಖ ಮೆಲ್ಲಮೆಲ್ಲಗೆ ಅರಳುತ್ತಿತ್ತು. ಅಷ್ಟರಲ್ಲಿ ಕಾಫಿ ತಂದ ಅವರ ಮನೆಯವರು ಲೋಟಗಳನ್ನಿಡುತ್ತ, “ಆ ಮೇಡಂ ಹೇಳಿದ್ದರಲ್ಲಿ ತಪ್ಪೇನಿದೆ? ಇವರು ರಾತ್ರಿಪಾಳಿ ಮುಗಿಸಿ ಬರೋವಾಗ ನಾನು ಯಾವ ರವಿನೂ ನೋಡಿಲ್ಲಪ್ಪ. ಮಗು ಎದ್ದುಬಿಡುತ್ತೇನೋ ಅಂತ ಕಿಟಕಿ ಮುಚ್ಚಿರ್ತಿದ್ದೆ” ಎಂದು ಒಳಕ್ಕೆ ಹೋದರು. ನಿಯೋಗಕ್ಕೆ ಆಮೇಲೆ ಹೇಳುವುದೇನೂ ಉಳಿಯಲಿಲ್ಲ.

ಮುಂದಿನ ಗೋಷ್ಠಿಗೆ ಅವರು ಬಂದರು. ಅದೇ ಪದ್ಯವನ್ನು ಮೂರನೆಯ ಸಾಲಿನಿಂದ ಓದಿದರು. ಮೊದಲೆರಡು ಸಾಲುಗಳು ಮರುಓದಿನಲ್ಲಿ ತಾವಾಗಿಯೇ ಉದುರಿಹೋದುವೆಂದು ವಿವರಣೆಯನ್ನೂ ಕೊಟ್ಟರು. ಅದನ್ನು ಯಾರೂ ಪ್ರಶ್ನಿಸಲಿಲ್ಲ. ಅನಂತರ ಮುಯ್ಯಿಯ ಧರ್ಮವನ್ನು ಮರೆಯದೆ, “ಮೇಡಂ, ಇವತ್ತು ನಿಮ್ಮದೂ ಒಂದು ಆಗಲಿ” ಎಂದು ಒತ್ತಾಯಿಸಿದರು. ಆಕೆ ಬಹಳ ಹೊತ್ತು ಬೇಡವೆಂದು, ಕೊನೆಗೆ ಚೀಲದಿಂದ ಮಡಿಸಿದ ಹಾಳೆಯೊಂದನ್ನು ತೆಗೆದು, ತಗ್ಗಿದ ದನಿಯಲ್ಲಿ ಎಂಟು ಸಾಲು ಓದಿ ಮುಗಿಸಿದರು. ನಮ್ಮ ಕವಿಗಳು ಕಾಫಿಯ ಕೊನೆಯ ಗುಟುಕಿನ ನಡುವೆಯೇ ತಲೆದೂಗಿ, “ಅದ್ಭುತ ಮೇಡಂ, ಅದ್ಭುತ” ಎಂದರು.

“ಯಾವ ಸಾಲು ಸಾರ್?”

ಕವಿಗಳು ನಮ್ಮೆಲ್ಲರ ಮುಖವನ್ನು ಒಂದು ಸುತ್ತು ನೋಡಿದರು. ಯಾರಿಂದಲೂ ಸಹಾಯ ಒದಗಲಿಲ್ಲ. ಲೋಟವನ್ನು ಕೆಳಗಿಟ್ಟು, ಕುರ್ಚಿಯನ್ನು ಆಕೆಯ ಕಡೆಗೆ ಎಳೆದುಕೊಂಡು, “ಇನ್ನೊಂದು ಸಲ ಓದಿ ಮೇಡಂ” ಎಂದರು.