ಎಣ್ಣೆ ಕಮ್ಮಿ ಮಾಡ್ಬೇಡಿ ಅಕ್ಕ

ಗ್ರೀಕರ ಅಡುಗೆ ಅಂದ್ರೆ ಬರೀ ಮಾಂಸ, ಚೀಸು ಅಂತ ಯಾರಕ್ಕ ನಿಮಗೆ ಹೇಳಿದ್ದು? ಹೋಟೆಲ್ ಮೆನು ನೋಡಿದ್ರೆ ಹಾಗನ್ನಿಸುತ್ತೆ, ನಿಜ. ಮನೆಯೊಳಗಿನ ಕಥೆಯೇ ಬೇರೆ. ಅಲ್ಲಿ ದಿನಾ ಒಲೆ ಮೇಲೆ ಕೂರೋದು ಬೀನ್ಸು, ಬದನೆಕಾಯಿ, ಆಲೂಗಡ್ಡೆ, ಕಡಲೆ. ಬೇಸಿಗೆ ಬಂತು ಅಂದ್ರೆ ಬೆಂಡೆಕಾಯಿ. ಹೂಂ, ನಾವು ತಿನ್ನೋ ಬೆಂಡೆಕಾಯೇ. ಅದಕ್ಕೆ ಬಾಮ್ಯೆಸ್ ಅಂತಾರೆ.

ಅದನ್ನ ಮಾಡೋ ಕ್ರಮ ಕೇಳಿ, ನಿಮಗೆ ಹಿಡಿಸುತ್ತೆ. ಬೆರಳಿಗಿಂತ ಚಿಕ್ಕ ಎಳೆ ಕಾಯಿ ಆರಿಸ್ಕೋಬೇಕು. ತೊಟ್ಟನ್ನ ಕತ್ತರಿಸಿ ಬಿಸಾಡಲ್ಲ, ಪೆನ್ಸಿಲ್ ಚೂಪು ಮಾಡೋ ಹಾಗೆ ಸುತ್ತ ಹೆರೀತಾರೆ. ಒಳಗಿನ ಬೀಜ ಕಾಣಬಾರದು, ಕಂಡರೆ ಲೋಳೆ ಹೊರಗೆ ಬಂತು ಅಂತಲೇ. ಆಮೇಲೆ ಉಪ್ಪು, ವಿನೆಗರ್ ಚಿಮುಕಿಸಿ ಸ್ವಲ್ಪ ಹೊತ್ತು ಬಿಸಿಲಿಗಿಡ್ತಾರೆ. ನಾವು ಹುಣಸೆಹುಳಿನೋ ಮಜ್ಜಿಗೆನೋ ಹಾಕಿ ಲೋಳೆ ಅಡಗಿಸ್ತೀವಲ್ಲ, ಆ ಕೆಲಸ ಅಲ್ಲಿ ವಿನೆಗರ್‌ದು. ಅಗಲ ಪಾತ್ರೇಲಿ ಆಲಿವ್ ಎಣ್ಣೆ ಹಾಕಿ ಈರುಳ್ಳಿ ಬಾಡಿಸಿ, ಟೊಮೆಟೊ ತುರಿದು ಹಾಕಿ, ಕಾಯಿ ಜೋಡಿಸಿ ಸಣ್ಣ ಉರೀಲಿ ಬಿಡೋದು. ಎಣ್ಣೆ ಒಗ್ಗರಣೆ ಅಳತೆ ಅಲ್ಲ, ಅರ್ಧ ಕೇಜಿಗೆ ಅರ್ಧ ಲೋಟ! ಸೌಟು ಆಡಿಸೋ ಹಾಗಿಲ್ಲ, ಕಾಯಿ ಒಡೆಯುತ್ತೆ. ಪಾತ್ರೆ ಎರಡೂ ಕಡೆ ಹಿಡಿದು ಕುಲುಕಬೇಕು, ಅಷ್ಟೇ. ನೀರೆಲ್ಲ ಇಂಗಿ ಎಣ್ಣೆ ಬಿಟ್ಕೊಂಡಾಗ ಇಳಿಸೋದು. ಬಿಸಿಬಿಸಿ ಬಡಿಸಲ್ಲ, ಉಗುರುಬೆಚ್ಚಗಾಗೋ ತನಕ ಕಾಯ್ತಾರೆ. ಆಗಲೇ ಹುಳಿ, ಸಿಹಿ, ಎಣ್ಣೆ ಎಲ್ಲ ಕೂಡ್ಕೊಳ್ಳೋದು. ತಟ್ಟೇಲಿ ಉಳಿದ ರಸವನ್ನ ಬ್ರೆಡ್ಡಲ್ಲಿ ಒರೆಸಿ ತಿನ್ನೋದರಲ್ಲೇ ಅರ್ಧ ಊಟದ ಸುಖ ಇದೆ.

ಹೀಗೆ ಎಣ್ಣೇಲಿ ಬೆಂದ ತರಕಾರಿಗಳದ್ದು ಒಂದು ದೊಡ್ಡ ಬಳಗವೇ ಇದೆ, ಲಾಡೆರಾ ಅಂತ. ಅವರ ಚರ್ಚಿನ ಉಪವಾಸವೂ ಇದನ್ನ ಬೆಳೆಸಿದೆ. ಈಸ್ಟರ್‌ಗೆ ಮುಂಚೆ ವಾರಗಟ್ಟಲೆ, ಅದು ಬಿಟ್ಟರೆ ಹೆಚ್ಚುಕಮ್ಮಿ ವರ್ಷವೆಲ್ಲ ಬುಧವಾರ, ಶುಕ್ರವಾರ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಮುಟ್ಟಲ್ಲ. ಕಟ್ಟುನಿಟ್ಟಿನವರು ಎಣ್ಣೇನೂ ಬಿಡ್ತಾರೆ. ಅಂಥ ಕಡೆ ತರಕಾರಿ, ಕಾಳು ಬೇಯಿಸೋ ಕೈ ಪಳಗದೆ ಇರುತ್ತಾ?

ಸಿಫ್ನೋಸ್ ಅನ್ನೋ ದ್ವೀಪದಲ್ಲಿ ಶನಿವಾರ ಸಂಜೆ ಕಾಬೂಲಿ ಕಡಲೆ, ಈರುಳ್ಳಿ, ಎಣ್ಣೆ ಮಣ್ಣಿನ ಗಡಿಗೆಗೆ ತುಂಬಿ ಕಟ್ಟಿಗೆ ಒಲೆಯೊಳಗಿಡ್ತಾರೆ. ರಾತ್ರಿಯೆಲ್ಲ ಬೇಯುತ್ತೆ. ಭಾನುವಾರ ಚರ್ಚಿಂದ ಬಂದು ನಿಂಬೆಹಣ್ಣು ಹಿಂಡಿ ಉಣ್ಣೋದು. ನಿಕೊಲಾಸ್ ಚೆಲೆಮೆಂಟೆಸ್ ಅನ್ನೋ ದೊಡ್ಡ ಬಾಣಸಿಗನ ಮೂಲವೂ ಅದೇ ದ್ವೀಪ. ಬದನೆಕಾಯಿ, ಕೊಚ್ಚಿದ ಮಾಂಸ ಪದರ ಪದರವಾಗಿ ಜೋಡಿಸಿ ಮಾಡೋ ಮೂಸಾಕಾ ಮೇಲೆ ಈಗ ಕಾಣೋ ದಪ್ಪ ಬಿಳಿ ಸಾಸು ಆತನಿಂದ ಬಂದಿದ್ದು, ಫ್ರೆಂಚರ ಪ್ರಭಾವ. ನನ್ನ ಕೇಳಿದ್ರೆ ಆ ಗಡಿಗೆ ಕಡಲೆ ಮುಂದೆ ಮೂಸಾಕಾ ನಿಲ್ಲಲ್ಲ.

ಎಣ್ಣೆ ಜಾಸ್ತಿ ಆಯ್ತು ಅಂತ ಮುಖ ಸಿಂಡರಿಸ್ಬೇಡಿ. 1950, 60ರ ದಶಕದಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಏಳು ದೇಶಗಳಲ್ಲಿ ಹೃದಯರೋಗದ ಅಧ್ಯಯನ ಶುರು ಮಾಡಿದಾಗ, ಇಷ್ಟು ಎಣ್ಣೆ ತಿನ್ನೋ ಕ್ರೀಟ್ ದ್ವೀಪದ ಗಂಡಸರಲ್ಲೇ ಆ ಕಾಯಿಲೆ ತೀರಾ ಕಮ್ಮಿ ಕಂಡಿದ್ದು. ಹೊಲದಲ್ಲಿ ದುಡಿದ ಮೈ, ಹಣ್ಣು, ಕಾಳು, ಸೊಪ್ಪು ಎಲ್ಲ ಅದರ ಜೊತೆಗಿತ್ತು ಅನ್ನಿ.

ಸೊಪ್ಪು ಅಂದ್ಮೇಲೆ ಹೋರ್ತಾ ಬಗ್ಗೆ ಹೇಳಲೇಬೇಕು. ಗುಡ್ಡ, ಹೊಲದ ಬದುಗಳಲ್ಲಿ ಕಿತ್ತ ಸೊಪ್ಪು ಬೇಯಿಸಿ, ಬಸಿದು, ಆಲಿವ್ ಎಣ್ಣೆ, ನಿಂಬೆರಸ ಹಾಕಿ ತಿನ್ನೋದು. ಬಸಿದ ನೀರನ್ನೂ ಎಷ್ಟೋ ಮನೆಗಳಲ್ಲಿ ನಿಂಬೆ ಹಿಂಡಿ ಕುಡೀತಾರೆ. ಬಸ್ಸಾರು ಮಾಡೋ ನಮಗೆ ಇದನ್ನ ಬಿಡಿಸಿ ಹೇಳ್ಬೇಕಾ? ಬೇಸಿಗೇಲಿ ಅವರು ತಿನ್ನೋ ವ್ಲಿತಾ ಇದೆಯಲ್ಲ, ಅದು ನಮ್ಮ ದಂಟು, ಕೀರೆಯ ಜಾತಿಯದೇ. ನಿಮ್ಮ ಹಿತ್ತಲಲ್ಲಿ ದಂಟು ಚೆನ್ನಾಗಿ ಚಿಗುರಿದೆ. ಒಂದು ಕಟ್ಟು ಕಿತ್ತು ಇತ್ತ ಕೊಡಿ ಅಕ್ಕ, ನಿಂಬೆಹಣ್ಣು ನಮ್ಮ ಗಿಡದಲ್ಲೇ ಇದೆ.