ಚುರುಮುರಿಯ ತೂಕ: ಸೇರು, ಸಾಂದ್ರತೆ ಮತ್ತು ಕೊಸರು

ಸಾಂದ್ರತೆಯನ್ನು ಗಾತ್ರದಿಂದ ಗುಣಿಸಿದರೆ ತೂಕ ಬರುತ್ತದೆ ಎಂದು ಸಾಲಿ ಮಾಸ್ತರರು ಹೇಳಿಬಿಡುತ್ತಾರೆ. ಕಬ್ಬಿಣ, ಪಾದರಸದಂಥ ಸಭ್ಯ ಪದಾರ್ಥಗಳಿಗೆ ಇದು ಸರಿಯೇ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಚುರುಮುರಿ ಕೊಳ್ಳುವವರಿಗೆ ಮಾತ್ರ ಸಾಲದು ಎಂಬುದೇ ಈ ಪ್ರಬಂಧದ ಪ್ರತಿಪಾದನೆ.

ಮೊದಲು ಪೂರ್ವಸೂರಿಗಳ ವಿಚಾರ. ಗಾತ್ರ ತಿಳಿಯಲು ವಸ್ತುವನ್ನು ನೀರಿಗಿಳಿಸಬೇಕೆಂಬುದು ಆರ್ಕಿಮಿಡೀಸನ ಮತ. ಚುರುಮುರಿಯನ್ನು ನೀರಿಗಿಳಿಸಿದರೆ ಮೊದಲು ತೇಲುತ್ತದೆ, ಆಮೇಲೆ ಮೆತ್ತಗಾಗುತ್ತದೆ, ಹಿಂಡಿ ಒಗ್ಗರಣೆ ಕೊಟ್ಟರೆ ಸುಸಲಾ ಆಗುತ್ತದೆ. ಪ್ರಯೋಗದ ಸಾಮಗ್ರಿಯನ್ನು ಪ್ರಯೋಗಕಾರರೇ ತಿಂದುಬಿಡುವ ಕಾರಣ ಈ ವಿಧಾನವನ್ನು ಕೈಬಿಡಲಾಗಿದೆ.

ಉಳಿದದ್ದು ಸೇರು. 1956ರ ಕಾಯ್ದೆ ಕಿಲೋ, ಲೀಟರುಗಳನ್ನು ತಂದರೂ ಚುರುಮುರಿಯವರ ಬಾಯಲ್ಲಿ ಸೇರಿಗೆ ಇನ್ನೂ ನಿವೃತ್ತಿಯಾಗಿಲ್ಲ. ಸೇರಳೆಯುವ ಡಬ್ಬಿಯ ಒಳವ್ಯಾಸ 10 ಸೆಂ.ಮೀ., ಎತ್ತರ 13 ಸೆಂ.ಮೀ. ಎಂದಿಟ್ಟುಕೊಳ್ಳಿ. ಗಾತ್ರ ಸುಮಾರು 1,020 ಘನ ಸೆಂ.ಮೀ. ನೀರು ತುಂಬಿದರೆ ಕಿಲೋ ದಾಟೀತು. ಚುರುಮುರಿಗೋ ಕಾಳಿನೊಳಗೂ ಗಾಳಿ, ಕಾಳುಗಳ ನಡುವೆಯೂ ಗಾಳಿ. ಸಾಂದ್ರತೆ ನೀರಿನ ಹತ್ತರಲ್ಲೊಂದು ಪಾಲೆಂದು ಹಿಡಿದರೆ ತೂಕ 102 ಗ್ರಾಂ.

ಜಗಳ ಹುಟ್ಟುವುದು ಡಬ್ಬಿಯ ಬಾಯಿಯ ಮೇಲೆ.

"ಯಕ್ಕಾ, ಅಂಗೈಲೆ ಸವರಬ್ಯಾಡ್ರಿ, ಗೋಪುರ ಹಂಗಽ ಇರ್ಲಿ."

"ಗೋಪುರ ಕಟ್ಟಾಕ ಇದೇನ್ ಗುಡಿ ಏನ್ರಿ ಅಣ್ಣಾರ?"

ಗೋಪುರವೆಂದರೆ ಶಾಸ್ತ್ರೀಯವಾಗಿ ಶಂಕು: ತಳದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸಿ ಮೂರರಿಂದ ಭಾಗಿಸಬೇಕು. 4 ಸೆಂ.ಮೀ. ಎತ್ತರದ ಗೋಪುರಕ್ಕೆ 105 ಘನ ಸೆಂ.ಮೀ., ಅಂದರೆ ಹತ್ತು ಗ್ರಾಮಿನ ಆಚೀಚೆ. ಇಷ್ಟಕ್ಕಾಗಿ ಓಣಿಯವರೆಲ್ಲ ಹೊರಗೆ ಬರುತ್ತಾರೆ! ಗಿರಾಕಿ ಅಷ್ಟಕ್ಕೇ ಸುಮ್ಮನಾಗದೆ ಡಬ್ಬಿಯನ್ನು ಎರಡು ಸಲ ಕುಟ್ಟಿಸಿದರೆ ಕಾಳು ಕೆಳಗೆ ಕೂತು, ಮೇಲೆ ಇನ್ನಷ್ಟು ಹಿಡಿಸಿ, ಗಾತ್ರ ಅಷ್ಟೇ ಇದ್ದರೂ ಸಾಂದ್ರತೆ ಏರುತ್ತದೆ. ಭೌತಶಾಸ್ತ್ರ ಇಲ್ಲಿ ಗಿರಾಕಿಯ ಪರ. ಅದಕ್ಕೇ ಅಂಗಡಿಯಾಕೆ ಡಬ್ಬಿಯನ್ನು ಅವರ ಕೈಗೆ ಕೊಡುವುದಿಲ್ಲ.

ಇನ್ನು ಪರಿಷ್ಕೃತ ಸೂತ್ರ:

ತೂಕ = ಸಾಂದ್ರತೆ × ಗಾತ್ರ + ಕೊಸರು

ಕೊಸರನ್ನು ಸ್ಥಿರಾಂಕವೆಂದು ಕರೆಯುವ ಧೈರ್ಯ ಯಾವ ಪಂಡಿತನಿಗೂ ಇಲ್ಲ. ಖಾಯಂ ಗಿರಾಕಿಗೆ ಒಂದು ಮುಷ್ಟಿ, ಮೊಮ್ಮಗನನ್ನು ಕರೆತಂದ ಅಜ್ಜಿಗೆ ಎರಡು, ಬೆಂಗಳೂರಿನ ಕನ್ನಡದಲ್ಲಿ "ಎಷ್ಟಮ್ಮಾ?" ಎಂದವರಿಗೆ ಸೊನ್ನೆ.

ಧಾರವಾಡದವರು ಪೇಢೆಯನ್ನು ಮುಂದೊಡ್ಡಿ ಈ ಸೂತ್ರವನ್ನು ಅಲ್ಲಗಳೆಯಬಹುದು. ಪೇಢೆಯನ್ನು ತಕ್ಕಡಿಯಲ್ಲೇ ತೂಗುತ್ತಾರೆ, ಕುಟ್ಟುವಂತಿಲ್ಲ, ಗೋಪುರವಿಲ್ಲ. ಖವಾ ಕಾಸಿ ಕಾಸಿ ನೀರನ್ನೆಲ್ಲ ಮೊದಲೇ ಓಡಿಸಿರುತ್ತಾರೆ. ಅಂಥ ನೀರಸ ಪದಾರ್ಥ ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ರುಚಿಯ ಬಗ್ಗೆ ತಕರಾರಿಲ್ಲ.

ಗಿರ್ಮಿಟ್ ಮಾತ್ರ ಈ ವ್ಯಾಪ್ತಿಗೆ ಬರುತ್ತದೆ. ಉಳ್ಳಾಗಡ್ಡಿಯ ಮಸಾಲೆ, ಪುಠಾಣಿ ಹಿಟ್ಟು ಕಲಸಿದ ಕೂಡಲೇ ಚುರುಮುರಿ ತೇವ ಹೀರಿ ಕುಗ್ಗತೊಡಗುತ್ತದೆ: ಒಟ್ಟು ತೂಕ ಇದ್ದಷ್ಟೇ, ಗಾತ್ರ ಇಳಿಕೆ, ಸಾಂದ್ರತೆ ಏರಿಕೆ. ಪಕ್ಕದ ಮಿರ್ಚಿಭಜಿಯನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ವಿದ್ವಾಂಸರಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡ ವಾದ ಮಾಡುತ್ತಿರುವಾಗ ಇನ್ನೊಂದು ಭಜಿಯನ್ನು ಮುಗಿಸಿ ಚಹಾ ಹೇಳಿರುತ್ತದೆ.